ಕಾಕು ವಾಪಸು ತಂದ ಪುಟಗಳು

ನಮ್ಮ ಪಕ್ಕದ ಮನೆಯ ಕಾಕು, ಊರಿಗೆಲ್ಲ ಚಿಕ್ಕಮ್ಮ, ಬರೆಯುವಾಗ ಮನೆಯ ಬಾಗಿಲು ಹಾಕುತ್ತಿರಲಿಲ್ಲ. ಹಗಲು ಹೊತ್ತು ಬಾಗಿಲು ಹಾಕಿಕೊಂಡು ಕೂತ ಹೆಂಗಸಿನ ಬಗ್ಗೆ ಊರು ಏನೇನು ಮಾತಾಡುತ್ತದೆ ಎಂಬುದು ಒಂದು ಕಾರಣ. ಬಾಗಿಲು ಹಾಕಿದರೆ ಅಂಗಳದ ಎಮ್ಮೆ ಕಣ್ಣಿಗೆ ಬೀಳುವುದಿಲ್ಲ ಎಂಬುದು ಇನ್ನೊಂದು. ಪಡಸಾಲೆಯ ಹೊರಸಿನ ಮೇಲೆ ಕಾಲು ಮಡಚಿ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ತಾಂಡೂರಿನಿಂದ ತರಿಸಿದ ಗೆರೆ ಹಾಳೆಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದರು. ಬಂದವರು ಬರುತ್ತಿದ್ದರು, ಹೋದವರು ಹೋಗುತ್ತಿದ್ದರು.

“ಕಾಕು, ಹೆಪ್ಪಿಗೆ ಜರಾ ಮಜ್ಜಿಗಿ ಇದ್ರ ಕೊಡ್ರಿ.”

“ಒಳಗ ಗಡಗಿ ಅದ, ತಗೋ. ಮುಚ್ಚಳ ಹಾಕು, ಬೆಕ್ಕ ಅದ.”

ಇಷ್ಟು ಹೇಳುವಾಗ ಅವರ ಕೈ ನಿಲ್ಲುತ್ತಿರಲಿಲ್ಲ. ಬಂದವರ ಮಾತಿನಲ್ಲಿ ಏನಾದರೂ ನೋವಿದೆ ಅನ್ನಿಸಿದರೆ ಮಾತ್ರ ಪೆನ್ನು ಮುಚ್ಚಿ ತುರುಬಿಗೆ ಸಿಕ್ಕಿಸಿಕೊಂಡು, ಹಲಗೆ ಬದಿಗಿಡುತ್ತಿದ್ದರು. ಪೆನ್ನು ತುರುಬಿಗೆ ಹೋಯಿತು ಎಂದರೆ ಇನ್ನು ಅವರು ಪೂರ್ತಿ ನಿಮ್ಮವರು. ಆಮೇಲೆ ಸಂಜೆ, ಪೆನ್ನು ಎಲ್ಲಿ ಹೋಯಿತೆಂದು ಹೊರಸಿನ ಕೆಳಗೆಲ್ಲ ಹುಡುಕುವುದು, ನಾವು ನಗುವುದು.

ನಮ್ಮದು ತೆಲಂಗಾಣದ ಬಶೀರಾಬಾದಿನ ಕಡೆಯ ಹಳ್ಳಿ. ಹೊಲದ ಬದುವಿನ ಮೇಲೆ ನಡೆದು ಹೋದರೆ ಕರ್ನಾಟಕ ಸಿಗುತ್ತದೆ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ತೆಲುಗು ಉರ್ದು ಎರಡೂ. ಕನ್ನಡ ಮಾತಾಡುವವರಿಗೆ ಕೊರತೆ ಇಲ್ಲ, ಓದುವವರೇ ಇಲ್ಲ. ಅಂಥ ಊರಿನಲ್ಲಿ ಕೂತು ಈ ಹೆಂಗಸು ಒಂದರ ಹಿಂದೊಂದು ಕನ್ನಡ ಕಾದಂಬರಿ ಬರೆದರು. ಊರವರಿಗೆ ಅದು ವಿಚಿತ್ರವೇನೂ ಆಗಿರಲಿಲ್ಲ. ಒಬ್ಬರು ಕೌದಿ ಹೊಲಿಯುತ್ತಾರೆ, ಇನ್ನೊಬ್ಬರು ಶಾವಿಗೆ ಹೊಸೆಯುತ್ತಾರೆ, ಈಕೆ ಬರೆಯುತ್ತಾರೆ, ಅಷ್ಟೇ. ಲಗ್ನದ ಕಾಲ ಬಂದರೆ ಅವರ ಕೆಲಸ ಇಮ್ಮಡಿಯಾಗುತ್ತಿತ್ತು. ನಮ್ಮ ಲಿಂಗಾಯತ ಮನೆಗಳಲ್ಲಿ ಪತ್ರಿಕೆಯ ಒಂದು ಬದಿ ತೆಲುಗು, ಇನ್ನೊಂದು ಬದಿ ಕನ್ನಡ. ಆ ಕನ್ನಡ ಬದಿ ಕಾಕುವಿನದು. ಕಾದಂಬರಿಯ ಪುಟವನ್ನು ಎಷ್ಟು ಸಲ ತಿದ್ದುತ್ತಿದ್ದರೋ ಲಗ್ನಪತ್ರಿಕೆಯನ್ನೂ ಅಷ್ಟೇ ಸಲ ತಿದ್ದುತ್ತಿದ್ದರು.

ನಾನು ಆ ಊರಿಗೆ ಸೊಸೆಯಾಗಿ ಬಂದದ್ದು ಚಿಂಚೋಳಿ ಕಡೆಯಿಂದ. ಡಿಗ್ರಿ ಮುಗಿಸಿದ್ದೆ. ಗಂಡ ಬಸ್ ಡಿಪೋದ ಕೆಲಸಕ್ಕೆಂದು ಬೆಳಿಗ್ಗೆ ತಾಂಡೂರಿಗೆ ಹೋದರೆ ಸಂಜೆಯೇ ಬರುವುದು. ಅತ್ತೆ ಒಳ್ಳೆಯವರು, ಆದರೆ ಮಾತು ಕಡಿಮೆ. ಓದಲು ಏನೂ ಇರಲಿಲ್ಲ. ಬೆಲ್ಲ ಕಟ್ಟಿಕೊಟ್ಟಿದ್ದ ಹಳೆಯ ಕನ್ನಡ ಪೇಪರಿನ ತುಂಡನ್ನು ಒಂದು ದಿನ ಒಲೆಯ ಮುಂದೆ ಕೂತು ಓದುತ್ತಿದ್ದೆ. ಪಕ್ಕದ ಮನೆಯ ಕಾಕು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದವರು ಹಾಗೇ ನಿಂತುಬಿಟ್ಟರು.

“ನಿನಗ ಕನ್ನಡ ಬರ್ತದೇನು ತಂಗಿ?”

ನಾನು ಇಷ್ಟು ದಿನ ಅವರೊಂದಿಗೆ ಮಾತಾಡಿದ್ದೇ ಕನ್ನಡದಲ್ಲಿ.

“ಮಾತಲ್ಲ. ಓದಾಕ.”

“ಬರ್ತದ್ರಿ.”

“ಜೋರಾಗಿ ಓದಾಕ?”

“ಅದೂ ಬರ್ತದ್ರಿ.”

“ಆತು. ನಾಳಿ ಮಧ್ಯಾಹ್ನ ಉಂಡು ನಮ್ಮನಿಗೆ ಬಾ.”

ಮರುದಿನ ಅವರು ನನ್ನ ಕೈಗೆ ತಾವೇ ಬರೆದ ಹಾಳೆಗಳನ್ನು ಕೊಟ್ಟು ಓದು ಎಂದರು. ತಾವು ಮೊರದಲ್ಲಿ ತೊಗರಿ ಬೇಳೆ ಹರಡಿಕೊಂಡು ಹಸನು ಮಾಡುತ್ತ ಕೂತರು. ನನಗೆ ಅಂಜಿಕೆ. ಒಂದು ಕಡೆ ವಾಕ್ಯ ಉದ್ದವಾಗಿ ಉಸಿರು ಸಾಲಲಿಲ್ಲ, ತಡವರಿಸಿದೆ. ತಪ್ಪಾಯಿತೆಂದು ಮತ್ತೆ ಮೊದಲಿನಿಂದ ಓದಲು ಹೋದರೆ ಕಾಕು ಕೈ ಎತ್ತಿ ತಡೆದರು. “ಅಲ್ಲಿ ಒಂದ್ ಗೆರಿ ಎಳಿ. ನೀ ಎಲ್ಲೆಲ್ಲಿ ಎಡವಿದ್ಯೋ ಅಲ್ಲೆಲ್ಲ ತಪ್ಪು ನಂದು, ನಿಂದಲ್ಲ. ಅದನ್ನ ತಿಳ್ಕೊಳ್ಳಾಕೇ ನಿನ್ನ ಕರದದ್ದು.”

ಓದಿದ್ದು ಉಪಯೋಗಕ್ಕೆ ಬಾರದೆ ಹೋಯಿತೆಂದು ಒಳಗೊಳಗೇ ಕುದಿಯುತ್ತಿದ್ದ ಹೊಸ ಸೊಸೆಗೆ ಆ ಮಾತು ಎಷ್ಟು ದೊಡ್ಡದಾಗಿತ್ತು ಎಂದು ಹೇಗೆ ಹೇಳಲಿ? ನಾನು ಎಡವುವುದಕ್ಕೂ ಒಂದು ಬೆಲೆ ಇತ್ತು. ಅಲ್ಲಿಂದ ಮುಂದೆ ಮಧ್ಯಾಹ್ನಗಳು ಅವರ ಪಡಸಾಲೆಯವಾದವು. ಕೆಲವು ದಿನಗಳಲ್ಲಿ ಅತ್ತೆಯೂ ಬರತೊಡಗಿದರು. ಅತ್ತೆ ಮತ್ತು ಕಾಕು ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು, ಒಂದೇ ಬಾವಿಯ ನೀರು ಸೇದಿದವರು. ಅತ್ತೆಗೆ ಓದು ಬಾರದು. ಆದರೆ ಕತೆ ಕೇಳುವಾಗ ಅವರ ಮುಖ ಬೇರೆಯೇ ಆಗುತ್ತಿತ್ತು. ಕತೆಯೊಳಗೆ ಯಾರಾದರೂ ಸುಳ್ಳು ಹೇಳಿದರೆ ‘ಹ್ಞೂಂ’ ಎಂದು ಮೂಗು ಮುರಿಯುತ್ತಿದ್ದರು. ಕಾಕು ಆ ‘ಹ್ಞೂಂ’ಗಾಗಿ ಕಾಯುತ್ತಿದ್ದರು.

ಬರೆಯುವುದನ್ನು ಅವರು ಹಬ್ಬದ ಅಡುಗೆಯಂತೆ ಕಾಣಲಿಲ್ಲ, ದಿನದ ರೊಟ್ಟಿಯಂತೆ ಕಂಡರು. ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಹೊಲಕ್ಕೆ ಹೋಗುವವರಿಗೆ ಬುತ್ತಿ ಕಟ್ಟಿ ಕಳಿಸಿದ ಮೇಲೆ ಹೊರಸು ಹತ್ತಿದರೆ ಬಿಸಿಲು ಹೊಸ್ತಿಲು ದಾಟುವವರೆಗೆ ಬರೆಯುವುದು. ಮನಸ್ಸು ಬಂದರೆ ಬರೆಯುವುದು, ಇಲ್ಲದಿದ್ದರೆ ಇಲ್ಲ ಎನ್ನುವುದು ಅವರಲ್ಲಿ ಇರಲಿಲ್ಲ. “ಇವತ್ತ ಹಿಂಡದೆ ಬಿಟ್ರ ನಾಳಿ ಎಮ್ಮಿ ಎರಡು ದಿನದ ಹಾಲ ಕೊಡ್ತದೇನು? ಕೆಚ್ಚಲಿಗಿ ಬಾವು ಬರ್ತದ, ಅಷ್ಟ” ಎನ್ನುತ್ತಿದ್ದರು. ಜ್ವರ ಬಂದ ದಿನವೂ ಒಂದು ಪುಟ ಬರೆದು ಮಲಗಿದ್ದನ್ನು ನೋಡಿದ್ದೇನೆ. ರಾಶಿಯ ದಿನಗಳಲ್ಲಿ ಮಾತ್ರ ಬಿಡುವು. ಕಣದಲ್ಲಿ ಹೊಟ್ಟು ಮೆತ್ತಿದ ಮುಖದಿಂದ ನನ್ನತ್ತ ತಿರುಗಿ, “ಈ ವಾರ ನನ್ನ ಮಂದಿ ಎಲ್ಲಾ ಉಪವಾಸ ಕುಂತಾರ, ಪಾಪ” ಎಂದು ನಗುತ್ತಿದ್ದರು. ‘ನನ್ನ ಮಂದಿ’ ಎಂದರೆ ಅರ್ಧಕ್ಕೆ ನಿಂತ ಕಾದಂಬರಿಯ ಜನ.

ಆ ಮಂದಿಯ ಮಾತಿನ ಬಗ್ಗೆ ಅವರದು ಕಟ್ಟುನಿಟ್ಟು. ಅವರ ಪುಸ್ತಕ ಹಾಕುತ್ತಿದ್ದವರು ಕಲಬುರಗಿಯ ಒಬ್ಬ ಸಣ್ಣ ಪ್ರಕಾಶಕರು. ಒಮ್ಮೆ ಅವರ ಅಚ್ಚುಮನೆಯಲ್ಲಿ ಯಾರೋ ‘ಹೋಗ್ಯಾನ’ ಎಂಬುದನ್ನೆಲ್ಲ ‘ಹೋಗಿದ್ದಾನೆ’ ಎಂದು ತಿದ್ದಿ ಕಳಿಸಿದ್ದರು. ಕಾಕು ಒಂದೊಂದನ್ನೂ ಹೊಡೆದು ಮೊದಲಿನಂತೆ ಬರೆದರು. “ಈತ ಹಿಂಗ ಮಾತಾಡಿದ್ರ ಇವನ ಎತ್ತೇ ಇವನ ಮಾತ ಕೇಳಂಗಿಲ್ಲ” ಎಂದು ಗೊಣಗುತ್ತ.

ಅವರ ಗಂಡನನ್ನು ಇಲ್ಲಿ ನೆನೆಯದಿದ್ದರೆ ಆಗದು. ಕಾಕಾನಿಗೆ ತಾಂಡೂರು ಮಾರುಕಟ್ಟೆಯಲ್ಲಿ ತೊಗರಿ ದಲಾಲಿಯ ಅಡತಿ ಅಂಗಡಿ. ತೆಲುಗು ಓದುತ್ತಿದ್ದರು, ಉರ್ದು ಓದುತ್ತಿದ್ದರು, ಕನ್ನಡದ ಒಂದಕ್ಷರವೂ ಬಾರದು. ಹೆಂಡತಿಯ ಒಂದು ಪುಟವನ್ನೂ ಅವರು ಓದಲಿಲ್ಲ. ಆದರೆ ಕಾದಂಬರಿಯ ಕಟ್ಟು ಕಲಬುರಗಿಗೆ ಹೋಗಬೇಕಾದಾಗ ಅದನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಧೋತರದ ಬಟ್ಟೆಯಲ್ಲಿ ಸುತ್ತಿ ತಾವೇ ತಾಂಡೂರಿಗೆ ಒಯ್ದು, ರೈಲಿನಲ್ಲಿ ಹೋಗುವ ಗುರುತಿನವರಿಗೆ ಒಪ್ಪಿಸಿ, ರೈಲು ಹೊರಡುವ ತನಕ ನಿಲ್ಲುತ್ತಿದ್ದರು. ಹೊರಡುವ ಮೊದಲು ಕಟ್ಟನ್ನು ಅಂಗೈಯಲ್ಲಿ ತೂಗಿ ನೋಡುವುದು ಅವರ ರೂಢಿ. “ಈ ಸಲ ಕಾಳು ಗಟ್ಟಿ ಅದ” ಎನ್ನುತ್ತಿದ್ದರು. ಕಾಕು ಮುಖ ತಿರುಗಿಸಿ ನಗುತ್ತಿದ್ದರು. ಯಾವ ವಿಮರ್ಶಕರ ಮಾತಿಗೂ ಅವರು ಹಾಗೆ ಹಿಗ್ಗಿದ್ದನ್ನು ನಾನು ಕಾಣೆ.

ಇನ್ನು ಆ ಕಾದಂಬರಿಯ ವಿಷಯ ಹೇಳಬೇಕು.

ಆ ಸಲ ಪ್ರಕಾಶಕರಿಗೆ ಅವಸರವಿತ್ತು. ಪುಸ್ತಕ ಬಿಡುಗಡೆಯ ಕಾರ್ಯಕ್ರಮ ಮೊದಲೇ ಗೊತ್ತುಮಾಡಿ ಹೇಳಿಯೂ ಬಿಟ್ಟಿದ್ದರು. ಹೀಗಾಗಿ ಕಾಕು ನಮಗೆ ಓದಿಸಿ ತಿದ್ದುವ ಮೊದಲೇ, ಬರೆದಷ್ಟು ಬರೆದಷ್ಟನ್ನು ನಕಲು ಮಾಡಿ ಕಲಬುರಗಿಗೆ ಕಳಿಸುತ್ತಿದ್ದರು. ಹಿಂದಿನ ಯಾವ ಪುಸ್ತಕಕ್ಕೂ ಹಾಗೆ ಮಾಡಿರಲಿಲ್ಲ. ನಾವು ಮಧ್ಯಾಹ್ನ ಓದುತ್ತಿದ್ದ ಹೊತ್ತಿಗೆ ಆ ಪುಟಗಳು ಆಗಲೇ ಅಲ್ಲಿ ಅಕ್ಷರ ಜೋಡಣೆಗೆ ಹೋಗಿರುತ್ತಿದ್ದವು.

ಕತೆ ಗಡಿಯ ಹಳ್ಳಿಯೊಂದರ ಹೆಂಗಸಿನದು. ನಡುವೆ ಆಕೆಯ ಎಳವಯಸ್ಸಿನ ಭಾಗ ಬಂತು. ನಾನು ಓದುತ್ತಿದ್ದೆ. ಕಾಕು ಬೆಳ್ಳುಳ್ಳಿ ಬಿಡಿಸುತ್ತಿದ್ದರು, ಅತ್ತೆ ಜೋಳ ಹಸನು ಮಾಡುತ್ತಿದ್ದರು. ಕತೆಯ ಹೆಂಗಸು ಒಂದು ಕಡೆ ಒಂದು ಮಾತು ಆಡುತ್ತಾಳೆ. ಆ ಮಾತನ್ನು ನಾನು ನಮ್ಮ ಮನೆಯಲ್ಲಿ, ಅದೇ ಶಬ್ದಗಳಲ್ಲಿ, ಅತ್ತೆಯ ಬಾಯಿಂದ ಎಷ್ಟೋ ಸಲ ಕೇಳಿದ್ದೆ. ನನ್ನ ದನಿ ನಿಂತಿತು. ತಲೆ ಎತ್ತಿದರೆ ಅತ್ತೆಯ ಕೈ ಮೊರದ ಮೇಲೆ ನಿಂತಿತ್ತು. ಅವರು ಕಾಕುವನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಜೋಳವನ್ನು ಚೀಲಕ್ಕೆ ಸುರಿದುಕೊಂಡು ಎದ್ದರು.

“ಎಮ್ಮಿಗಿ ನೀರ ಕುಡಸಬೇಕು” ಎಂದು ಹೇಳಿ ಹೊರಟುಹೋದರು.

ಆ ಅಧ್ಯಾಯದಲ್ಲಿ ಏನಿತ್ತು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅತ್ತೆಯ ಬದುಕಿನಲ್ಲಿ, ನನ್ನ ಗಂಡ ಹುಟ್ಟುವ ಮೊದಲು, ಒಂದು ಕಷ್ಟದ ಕಾಲ ಬಂದಿತ್ತು. ಅದು ಗೊತ್ತಿದ್ದವರು ಆಗ ಕಾಕು ಒಬ್ಬರೇ ಎಂದಷ್ಟು ತಿಳಿದರೆ ಸಾಕು. ಇಷ್ಟನ್ನು ಬರೆಯುವುದಕ್ಕೂ ಅತ್ತೆಯನ್ನು ಕೇಳಿದ್ದೇನೆ. ಅವರು “ಆಕಿ ಏನ್ ಮಾಡಿದಳು ಅದನ್ನ ಬರಿ. ನಂದೇನು ಬ್ಯಾಡ” ಎಂದರು.

ಅವತ್ತು ಸಂಜೆ ಕಾಕು ನಮ್ಮ ಅಂಗಳಕ್ಕೆ ಬಂದರು. ಅತ್ತೆ ಎಮ್ಮೆಯ ಕಲ್ಲುದೋಣಿಗೆ ನೀರು ಸುರಿಯುತ್ತಿದ್ದರು. ನಾನು ಒಲೆಯ ಮುಂದೆ ಇದ್ದೆ, ಇಬ್ಬರ ಮಾತೂ ಕೇಳಿಸುತ್ತಿತ್ತು.

“ಹೆಸರ ಬದಲ ಮಾಡೀನಿ. ಊರೂ ಬದಲ ಮಾಡೀನಿ” ಎಂದರು ಕಾಕು. “ನಿನಗ ಗುರ್ತ ಹತ್ತಿದ್ರೂ ನಗತಿ ಅಂದ್ಕೊಂಡಿದ್ದೆ. ಭಾಳ ಹಿಂದಿನ ಮಾತು ಅಲ್ಲ?”

ಅತ್ತೆ ಕೊಡ ಕೆಳಗಿಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

“ಆವತ್ತ ನಾ ನಿನ್ನ ಹತ್ರ ಹೇಳಿದ್ದು ಕತಿ ಅಂತಲ್ಲ ಬೇ. ನನಗ ಹೇಳ್ಕೊಳ್ಳಾಕ ಬ್ಯಾರೆ ಯಾರೂ ಇದ್ದಿಲ್ಲ. ಅದಕ್ಕ ಹೇಳಿದ್ದೆ.”

“ಖರೇ ಅದ” ಎಂದರು ಕಾಕು. ಎಮ್ಮೆ ನೀರು ಕುಡಿದು ಮುಗಿಸುವವರೆಗೆ ಇದ್ದು, ತಿರುಗಿ ಹೋದರು.

ಮರುದಿನ ಬೆಳಿಗ್ಗೆ ಹಿತ್ತಿಲ ಬಾಗಿಲಿನಿಂದ ನನ್ನನ್ನು ಕರೆದರು. ಹೊರಗೆ ಹೋಗುವ ಸೀರೆ ಉಟ್ಟಿದ್ದರು. “ಕಲಬುರ್ಗಿಗಿ ಹೋಗಬೇಕು. ನಿಮ್ಮ ಅತ್ತಿ ಹೂಂ ಅಂದ್ರ ನನ್ನ ಜೋಡಿ ಬಾ. ಒಬ್ಬಾಕಿಗಿ ಧೈರ್ಯ ಸಾಲವಲ್ಲದು.” ಅತ್ತೆ ನನಗೆ ಬುತ್ತಿ ಕಟ್ಟಿದರು. ಇಬ್ಬರಿಗೂ ಆಗುವಷ್ಟು ಕಟ್ಟಿದ್ದರು, ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಬಸ್ಸಿನಲ್ಲಿ ತಾಂಡೂರಿಗೆ ಹೋಗಿ ಅಲ್ಲಿಂದ ರೈಲು ಹಿಡಿದೆವು. ಪ್ರಕಾಶಕರು ಒಳ್ಳೆಯ ಮನುಷ್ಯ, ಕಾಕುವಿನ ಬಗ್ಗೆ ಬಹಳ ಗೌರವ. ಚಹಾ ತರಿಸಿದರು. ಕಾಕು ಚಹಾ ಮುಟ್ಟದೆ, ಆ ಭಾಗ ತೆಗೆಯಬೇಕು, ನಾನು ಕಳಿಸಿದ ಹಾಳೆಗಳನ್ನೂ ನೀವು ಜೋಡಿಸಿದ್ದನ್ನೂ ನನ್ನ ಕೈಗೆ ಕೊಡಬೇಕು ಎಂದರು. ಆ ಮನುಷ್ಯನಿಗೆ ನಂಬಿಕೆಯೇ ಬರಲಿಲ್ಲ.

“ಅಕ್ಕೋರೆ, ನೀವು ಇಷ್ಟು ವರ್ಷ ಬರದದ್ರಾಗ ಇದರಂಥದ್ದು ಇಲ್ಲ. ನಾ ಓದಿ ಮನಿಯಾಗ ಹೆಂಡ್ತಿಗೂ ಓದಿ ಹೇಳೀನಿ. ಅಕಿ ಅತ್ತಳು.”

ಕಾಕು ಚಹಾದ ಕಪ್ಪನ್ನು ಬದಿಗೆ ಸರಿಸಿದರು.

“ಆ ಊರಾಗ ಕನ್ನಡ ಓದೋರು ಯಾರದಾರ? ಯಾರಿಗಿ ಗೊತ್ತಾಗ್ತದ್ರಿ?”

“ಆಕಿಗಿ ಗೊತ್ತಾಗ್ಯದಲ್ಲ” ಎಂದರು ಕಾಕು.

“ಇದನ್ನ ತಗದ್ರ ಪುಸ್ತಕ ನಿಂದ್ರಂಗಿಲ್ಲ ನೋಡ್ರಿ.”

“ನಿಂದ್ರದಿದ್ರ ಕುಂಡ್ರಲಿ.”

ಹೇಳಿದವರಿಗೂ ನಗು ಬರಲಿಲ್ಲ, ಕೇಳಿದವರಿಗೂ ಬರಲಿಲ್ಲ. ಪ್ರಕಾಶಕರು ಎದ್ದು ಒಳಗೆ ಹೋದರು. ಕಾರ್ಯಕ್ರಮ ಮುಂದೂಡಬೇಕು, ಬರುತ್ತೇನೆಂದ ದೊಡ್ಡವರಿಗೆಲ್ಲ ಫೋನು ಮಾಡಿ ಹೇಳಬೇಕು. ಆ ಪೇಚಾಟವೆಲ್ಲ ಅವರ ಮುಖದ ಮೇಲಿತ್ತು. ಆದರೂ ಹಾಳೆಗಳನ್ನು ತಂದು ಕೊಟ್ಟರು. ಕಂಪ್ಯೂಟರಿನಲ್ಲಿ ಇದ್ದದ್ದನ್ನೂ ನಮ್ಮೆದುರಿಗೇ ಅಳಿಸಿದರು. ಬಾಗಿಲವರೆಗೆ ಬಂದು, “ಇನ್ನೊಬ್ಬರು ಯಾರೂ ಹಿಂಗ ಮಾಡ್ತಿದ್ದಿಲ್ರಿ” ಎಂದರು. ಅದು ಬೈಗುಳವೋ ಮೆಚ್ಚುಗೆಯೋ ನನಗೆ ಈಗಲೂ ಗೊತ್ತಿಲ್ಲ.

ಮರಳುವ ರೈಲಿನಲ್ಲಿ ಕಾಕು ಕಿಟಕಿಯ ಪಕ್ಕ ಕೂತು, ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಸೇಡಂ ದಾಟಿದ ಮೇಲೆ ನಾನೇ ಕೇಳಿದೆ, “ನಿಮಗ ಬ್ಯಾಸರ ಆಗ್ಯದೇನ್ರಿ ಕಾಕು?”

“ಆಗ್ಯದ” ಎಂದರು. “ಛಲೋ ಬಂದಿತ್ತು. ಅವರು ಹೇಳಿದ್ದು ಸುಳ್ಳಲ್ಲ. ಮತ್ತ ಅಂಥದ್ದು ನನ್ನ ಕೈಲೆ ಬರ್ತದೋ ಇಲ್ಲೋ.” ಕಟ್ಟಿನ ಮೇಲೆ ಕೈ ಇಟ್ಟು ಹೇಳಿದರು: “ಅದಲ್ಲ ತಂಗಿ. ಅದನ್ನ ಬರಿಯುವಾಗ ನನಗ ಎಷ್ಟು ಖುಷಿ ಆಗಿತ್ತು ಗೊತ್ತೇನು? ಆಕಿ ಅತ್ತದ್ದು ನನ್ನ ಮಗ್ಗಲಿಗಿ ಕುಂತು. ನಾ ಅದನ್ನ ಬರ್ಕೋತ, ಹಾ, ಈ ಮಾತ ಬರೋಬ್ಬರಿ ಬಿತ್ತು ಅಂತ ಖುಷಿ ಪಟ್ಟೀನಿ. ಇವತ್ತ ಅದನ್ನ ಯೋಚನಿ ಮಾಡಿದ್ರ ನನ್ನ ಮ್ಯಾಲ ನನಗೇ ನಾಚಿಕಿ ಬರ್ತದ.”

ನಾನು ಬುತ್ತಿ ಬಿಚ್ಚಿದೆ. ಎರಡು ಪಾಲಾಗಿ ಕಟ್ಟಿದ್ದ ರೊಟ್ಟಿ, ಶೇಂಗಾ ಹಿಂಡಿ ಕಂಡು ಅವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ತಿಂದರು.

ತಾಂಡೂರು ಸ್ಟೇಷನ್ನಿನಲ್ಲಿ ಕಾಕಾ ಅಂಗಡಿಯಿಂದ ಬಂದು ಕಾಯುತ್ತಿದ್ದರು. ಹೆಂಡತಿಯ ಕೈಯಲ್ಲಿ ಕಟ್ಟು ನೋಡಿ ಗಾಬರಿಯಾದರು. “ವಾಪಸ್ ಕಳಸ್ಯಾರೇನು?”

“ಅವರು ಕಳಸಿಲ್ಲ. ನಾನೇ ತಂದೀನಿ.”

ಕಾಕಾ ಕಟ್ಟನ್ನು ಇಸಿದುಕೊಂಡರು. ಅಭ್ಯಾಸಬಲದಿಂದ ಅಂಗೈಯಲ್ಲಿ ಹಿಡಿದವರು, ಹೆಂಡತಿಯ ಮುಖ ನೋಡಿ, ತೂಗದೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದರು.

ಕಾಕು ಆ ಹಾಳೆಗಳನ್ನು, ತಮ್ಮ ಕರಡನ್ನೂ ಸೇರಿಸಿ, ಅತ್ತೆಯ ಕೈಗೆ ಕೊಟ್ಟರು. “ಇಷ್ಟೇ ಇರೋದು. ಬ್ಯಾರೆ ಎಲ್ಲಿಯೂ ಇಲ್ಲ” ಎಂದು ಹೇಳಿ, ಒಂದು ಗಳಿಗೆಯೂ ನಿಲ್ಲದೆ ಹೋದರು.

ಅತ್ತೆ ಕಟ್ಟನ್ನು ದೇವರ ಜಗಲಿಯ ಕೆಳಗೆ ಇಟ್ಟರು. ಕೆಲವು ದಿನ ಅದು ಅಲ್ಲೇ ಇತ್ತು. ನಾನು ಅದರತ್ತ ನೋಡದಂತೆ ಓಡಾಡುತ್ತಿದ್ದೆ. ಒಂದು ಮಧ್ಯಾಹ್ನ ಅತ್ತೆ ಅದನ್ನು ತಂದು ನನ್ನ ಮುಂದೆ ಇಟ್ಟು ಕೂತರು.

“ಓದು. ಆವತ್ತ ಅರ್ಧಕ್ಕ ಎದ್ದು ಬಂದೆ. ಮುಂದ ಏನ್ ಬರದಾಳ, ಕೇಳ್ತೀನಿ.”

ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅತ್ತೆ ಗೋಡೆಗೆ ಒರಗಿ, ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದರು. ಎಲ್ಲಿಯೂ ‘ಹ್ಞೂಂ’ ಎಂದು ಮೂಗು ಮುರಿಯಲಿಲ್ಲ. ಮುಗಿದ ಮೇಲೆ ಕಣ್ಣು ಒರೆಸಿಕೊಂಡು, “ಛಲೋ ಬರದಾಳ” ಎಂದರು. “ನಾ ಹೇಳಿದ್ದು ಒಂದೂ ಮರ್ತಿಲ್ಲ.” ಇನ್ನೇನು ಮನಸ್ಸು ಬದಲಾಯಿತು, ಅಚ್ಚಾಗಲಿ ಎಂದು ಹೇಳುತ್ತಾರೆ ಅಂದುಕೊಂಡೆ. ಅತ್ತೆ ಎದ್ದು ದೊಡ್ಡ ಬೋಗುಣಿಗೆ ನೀರು ತುಂಬಿ, ಹಾಳೆಗಳನ್ನು ಒಂದೊಂದಾಗಿ ಅದರೊಳಗೆ ಬಿಟ್ಟರು. ಮೇಲೆ ಒಂದಿಷ್ಟು ರದ್ದಿ ಪೇಪರನ್ನೂ ಹಾಕಿದರು.

ನಮ್ಮ ಕಡೆಯ ಹೆಂಗಸರು ಕಾಗದದ ಬುಟ್ಟಿ ಮಾಡುತ್ತಾರೆ. ನೆನೆದು ಮೆತ್ತಗಾದ ಕಾಗದಕ್ಕೆ ಮೆಂತ್ಯ ಹಾಕಿ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಗಡಿಗೆಯ ಮೇಲೆ ಮೆತ್ತಿ ಬಿಸಿಲಿಗೆ ಇಟ್ಟರೆ, ಒಣಗಿ ಮರದಷ್ಟು ಗಟ್ಟಿಯಾಗುತ್ತದೆ. ಅತ್ತೆ ಹಾಗೆ ಒಂದು ಬುಟ್ಟಿ ಮಾಡಿದರು. ಶಾಯಿ ಬಿಟ್ಟುಕೊಂಡು ಅದು ತೆಳು ನೀಲಿಯಾಗಿತ್ತು. ಒಣಗಿದ ಮೇಲೆ ಅದರ ತುಂಬ ಗಿಡದಿಂದ ಬಿಡಿಸಿದ ಹಸಿ ಕಡಲೆಕಾಯಿ ಹಾಕಿಕೊಂಡು ಹಿತ್ತಿಲ ಬಾಗಿಲಿನಿಂದ ಕಾಕುವಿನ ಮನೆಗೆ ಹೋದರು. ನಾನೂ ಹಿಂದೆಯೇ ಹೋದೆ.

ಕಾಕು ಬರೆಯುತ್ತಿದ್ದರು. ಬುಟ್ಟಿಯ ಬಣ್ಣ ನೋಡಿದರು. ಅದೇನೆಂದು ಅವರಿಗೆ ಕೂಡಲೇ ತಿಳಿಯಿತು. ಪೆನ್ನು ತುರುಬಿಗೆ ಸಿಕ್ಕಿಸಿಕೊಂಡು ಬುಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಸುತ್ತ ತಿರುಗಿಸಿ ನೋಡಿ, “ಭಾಳ ಗಟ್ಟಿ ಆಗ್ಯದಲ್ಲ ಬೇ” ಎಂದರು.

“ನಿನ್ನ ಹಾಳಿ ಛಲೋ ಇದ್ದವು” ಎಂದರು ಅತ್ತೆ.

ಇಬ್ಬರೂ ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ನನಗೆ ಅಳು ಬಂತು. ಆ ಬುಟ್ಟಿಯಲ್ಲಿ ಕಾಕು ಒಣಮೆಣಸಿನಕಾಯಿ ಇಡುತ್ತಿದ್ದರು.

ಕಾದಂಬರಿಯನ್ನು ಅವರು ಮತ್ತೆ ಬರೆದರು. ಬೇಸಿಗೆ ಪೂರ್ತಿ ಹಿಡಿಯಿತು. ಪುಸ್ತಕ ತಡವಾಗಿ, ತೆಳ್ಳಗೆ ಹೊರಬಂತು. ನಡುವಿನ ಭಾಗ ಸಪ್ಪೆಯಾಗಿದೆ, ನಾಯಕಿಯ ಯೌವನದ ಬಗ್ಗೆ ಲೇಖಕಿ ಯಾಕೋ ಮೌನವಾಗಿದ್ದಾರೆ ಎಂದು ಒಂದು ಪತ್ರಿಕೆಯಲ್ಲಿ ಯಾರೋ ಬರೆದರು. ನನಗೆ ಕೆಂಡದಂಥ ಸಿಟ್ಟು. ಕಾಕು ಆ ಪತ್ರಿಕೆಯನ್ನು ಎರಡು ಸಲ ಓದಿ ಮಡಚಿಟ್ಟು, “ಬರೋಬ್ಬರಿ ಗುರ್ತ ಹಿಡದಾನ ಮನಶಾ” ಎಂದರು. ಹಾಗಂತ ಅವರಿಗೆ ನೋವಾಗಲಿಲ್ಲ ಎಂದಲ್ಲ. ಆ ದಿನ ರೊಟ್ಟಿ ಬಡಿಯುವ ಸದ್ದು ಎಂದಿಗಿಂತ ಜೋರಾಗಿತ್ತು.

ಆ ಮೇಲೆ ಅವರು ಯಾರ ಬದುಕಿನ ಎಳೆಯನ್ನು ತೆಗೆದುಕೊಂಡರೂ ಮೊದಲು ಕೇಳುತ್ತಿದ್ದರು. ಒಮ್ಮೆ ಮಗಳ ಮನೆಗೆಂದು ಜಹೀರಾಬಾದಿಗೆ ಹೋದಾಗ, ಪಕ್ಕದ ಪಸ್ತಾಪುರದಲ್ಲಿ ನವಣೆ, ಸಜ್ಜೆ ಬೆಳೆಯುವ ಹೆಂಗಸರ ಸಂಘದ ಸಭೆಗೆ ಕರೆದಿದ್ದರು. ಒಬ್ಬ ಹೆಂಗಸು ತನ್ನ ಬದುಕನ್ನೆಲ್ಲ ಹೇಳಿ, “ನಂದೂ ಬರೀರಿ ಅಕ್ಕೋರೆ” ಎಂದಳು. ಕಾಕು ಆಕೆಯ ಕೈ ಹಿಡಿದು, “ಇವತ್ತ ಹುರುಪಿನ್ಯಾಗ ಹೇಳತಿ. ಮನಿಗಿ ಹೋಗಿ ಮಕ್ಕಳ ಮಾರಿ ನೋಡಿ ಯೋಚನಿ ಮಾಡು. ಆವಾಗೂ ಬರಿ ಅಂದ್ರ ಬರೀತೀನಿ” ಎಂದರು. ಆ ಹೆಂಗಸು ಮತ್ತೆ ಬಂದು ಹೌದು ಎಂದಳು. ಅವರ ಕೊನೆಯ ಕಾದಂಬರಿಯ ಮೊದಲ ಪುಟದಲ್ಲಿ ಆಕೆಗೆ ನಮಸ್ಕಾರ ಇದೆ.

ನನ್ನ ಪಾಲಿಗೆ ಅವರು ಮಾಡಿದ್ದು ಬಹಳ. ಅವರೇ ಹಟ ಹಿಡಿದು ನನ್ನನ್ನು ಬಿ.ಎಡ್. ಮಾಡಿಸಿದರು, ಅತ್ತೆಯನ್ನೂ ಒಪ್ಪಿಸಿದರು. ಈಗ ನಾನು ಜಹೀರಾಬಾದಿನ ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅದಕ್ಕೂ ಮೊದಲು, ನನ್ನ ಮೊದಲ ಮಗು ಹೊಟ್ಟೆಯಲ್ಲೇ ಹೋದಾಗ, ಗಂಡನ ಹತ್ತಿರವೂ ಆಡಲಾಗದ ಮಾತುಗಳನ್ನು ಅವರ ಹೊರಸಿನ ತುದಿಯಲ್ಲಿ ಕೂತು ಆಡಿದ್ದೇನೆ. ಪೆನ್ನು ತುರುಬಿನಲ್ಲಿತ್ತು. ಅವರು ಆಮೇಲೆ ಬರೆದ ಪುಸ್ತಕಗಳನ್ನೆಲ್ಲ ಗಟ್ಟಿಯಾಗಿ ಓದಿದವಳು ನಾನೇ. ಎಲ್ಲಿಯೂ ನಾನು ನನ್ನನ್ನು ಕಾಣಲಿಲ್ಲ.

ಕಾಕಾ ತೀರಿಕೊಂಡ ಮೇಲೆ, ಕೈನಡುಕ ಹೆಚ್ಚಾಗಿ, ಔಷಧೋಪಚಾರಕ್ಕೆಂದು ಅವರನ್ನು ಮಗಳು ಜಹೀರಾಬಾದಿಗೆ ಕರೆತಂದಳು. ಮನೆ ಹೆದ್ದಾರಿಯ ಪಕ್ಕ. ಕಬ್ಬಿನ ಲಾರಿಗಳು ಹೋದಾಗಲೆಲ್ಲ ಕಿಟಕಿ ನಡುಗುತ್ತಿತ್ತು. ಶಾಲೆ ಬಿಟ್ಟ ಮೇಲೆ ನಾನು ಹೋಗುತ್ತಿದ್ದೆ. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಲಾರಿ ಬಂದರೆ ಮಾತು ನಿಲ್ಲಿಸಿ ಕೈ ಎತ್ತುವರು. “ನಿಂದ್ರು. ಈ ಸಪ್ಪಳದಾಗ ಅವರು ಏನ್ ಅಂದ್ರು ನನಗ ಕೇಳಸವಲ್ಲದು.” ಲಾರಿ ದಾಟಿದ ಮೇಲೆ ಮತ್ತೆ ಶುರು. ಕೊನೆಯ ದಿನಗಳಲ್ಲಿ ಒಂದು ವಾಕ್ಯ ಹೇಳಿ, ಮರೆತು, ಅದನ್ನೇ ಮತ್ತೆ ಹೇಳುತ್ತಿದ್ದರು. ಎರಡನೇ ಸಲ ಹೇಳಿದ್ದು ಪ್ರತಿ ಸಲವೂ ಮೊದಲಿನದಕ್ಕಿಂತ ಚೆನ್ನಾಗಿರುತ್ತಿತ್ತು.

ಮಣ್ಣು ಕೊಟ್ಟದ್ದು ಊರಲ್ಲೇ, ಅವರ ಹೊಲದಲ್ಲಿ, ಕಾಕಾನ ಪಕ್ಕ. ತೊಗರಿ ಹೂವಿನ ಕಾಲ. ಕಲಬುರಗಿಯಿಂದ ಪ್ರಕಾಶಕರೂ ಇನ್ನೂ ಕೆಲವರೂ ಬಂದಿದ್ದರು. ಎಲ್ಲ ಮುಗಿದ ಮೇಲೆ ಬೇವಿನ ಮರದ ಕೆಳಗೆ ಎರಡು ಮಾತು ಆಡಿದರು. ಗಡಿನಾಡಿನ ಕನ್ನಡಕ್ಕೆ ಅವರು ಎಂಥ ಶಕ್ತಿಯಾಗಿದ್ದರು, ಅವರ ಯಾವ ಪುಸ್ತಕದಲ್ಲಿ ಏನಿದೆ ಎಂಬುದನ್ನೆಲ್ಲ ಹೇಳಿದರು. ಆಮೇಲೆ ಪ್ರಕಾಶಕರು, ಊರವರು ಯಾರಾದರೂ ಮಾತಾಡುತ್ತೀರಾ ಎಂದು ಕೇಳಿದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು.

ಹೆಂಗಸರ ನಡುವಿನಿಂದ ಅತ್ತೆ ಎದ್ದರು. ನಾಲ್ಕು ಜನರ ಮುಂದೆ ಅವರು ಮಾತಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಹೊಸ ಮಣ್ಣಿನತ್ತ ಮುಖ ಮಾಡಿ ನಿಂತರು.

“ನಿಮಗೆಲ್ಲಾ ಆಕಿ ಬರದದ್ದು ಗೊತ್ತದ. ನನಗ ಓದಾಕ ಬರಂಗಿಲ್ಲ” ಎಂದರು. “ಆಕಿ ಹತ್ರ ಏನ್ ಬೇಕಾದ್ರೂ ಹೇಳಬಹುದಿತ್ತು. ಇನ್ನ ಮ್ಯಾಲ ಯಾರ ಹತ್ರ ಹೇಳಲಿ?”

ಅತ್ತೆ ಬಂದು ನನ್ನ ಪಕ್ಕ ಕೂತು, ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.